ಗೆರ್ಟ್ರೂಡ್: ಈಟಿಯ ಹೆಸರು, ಪ್ರೀತಿಯ ಬಾಳು



ನವೆಂಬರ್ 16ರಂದು ಧರ್ಮಸಭೆಯು ಮಹಾಸಂತ ಗೆರ್ಟ್ರೂಡರನ್ನು ಸ್ಮರಿಸುತ್ತದೆ. ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಅಜ್ಜಿಯಂದಿರ ಕಾಲದಿಂದಲೂ ಕೇಳಿಬಂದ ಹೆಸರಿದು. "ಹಳೆಯ ಕಾಲದ ಹೆಸರು" ಎಂದು ಅದನ್ನು ಬದಿಗಿಡುವ ಮೊದಲು ಅದರ ಅರ್ಥವನ್ನು ತಿಳಿಯೋಣ.

ಇದು ಬೈಬಲಿನ ಹೆಸರಲ್ಲ. ಪ್ರಾಚೀನ ಜರ್ಮನಿಕ್ ಜನಾಂಗಗಳ ಹೆಸರು. 'ಗೇರ್' ಎಂದರೆ ಈಟಿ, 'ಥ್ರೂಥ್' ಎಂದರೆ ಬಲ. ಈಟಿಯ ಬಲವುಳ್ಳವಳೇ ಗೆರ್ಟ್ರೂಡ್. ಯುದ್ಧವೇ ಬದುಕಾಗಿದ್ದ ಆ ಜನರು ಹೆಣ್ಣುಮಕ್ಕಳಿಗೂ ಇಂಥ ಹೆಸರುಗಳನ್ನೇ ಇಡುತ್ತಿದ್ದರು. ಹಿಲ್ಡಾ ಎಂದರೆ ಯುದ್ಧ. ಮಟಿಲ್ಡಾ ಎಂದರೆ ಯುದ್ಧದಲ್ಲಿ ಬಲಶಾಲಿ. ಮುಂದೆ ಜರ್ಮನರು 'ಟ್ರೂಡ್' ಎಂಬುದರಲ್ಲಿ 'ಪ್ರಿಯಳು' ಎಂಬರ್ಥದ ತಮ್ಮ ಇನ್ನೊಂದು ಪದದ ಧ್ವನಿಯನ್ನೂ ಕೇಳಿದರು.

ಹೆಸರು ಹೇಗೆ ಬದಲಾಯಿತು? ಅದನ್ನು ಹೊತ್ತವರ ಬಾಳಿನಿಂದ. ಇಂದಿನ ಬೆಲ್ಜಿಯಂನ ನಿವೆಲ್ ಮಠದ ಸಂತ ಗೆರ್ಟ್ರೂಡ್ (ಮರಣ 659) ರಾಜಾಸ್ಥಾನದ ಮದುವೆಯನ್ನು ನಿರಾಕರಿಸಿ ದೇವರನ್ನು ಆರಿಸಿಕೊಂಡರು. ಜರ್ಮನಿಯ ಹೆಲ್ಫ್ತಾದ ಗೆರ್ಟ್ರೂಡ್ 1256ರಲ್ಲಿ ಜನಿಸಿ, ಐದನೆಯ ವಯಸ್ಸಿನಲ್ಲೇ ಮಠ ಸೇರಿದರು. ಅವರ ಹೆತ್ತವರು ಯಾರೆಂಬುದು ಚರಿತ್ರೆಗೆ ತಿಳಿದಿಲ್ಲ. ಮನೆತನದ ಹಿರಿಮೆಯಿಲ್ಲದ ಆ ಮಗುವಿನ ಹೆಸರು ಮಾತ್ರ ಉಳಿಯಿತು! ಓದಿನಲ್ಲೇ ಮುಳುಗಿದ್ದ ಅವರಿಗೆ 1281ರ ಜನವರಿ 27ರ ಸಂಜೆ ಪ್ರಭುಕ್ರಿಸ್ತರ ದರ್ಶನವಾಯಿತು. ಅಂದಿನಿಂದ ಅವರ ಬಾಳು ಪ್ರಾರ್ಥನೆಯ ಕಡೆಗೆ ತಿರುಗಿತು.

ಶಿಲುಬೆಯ ಮೇಲೆ ಯೇಸುವಿನ ಪಕ್ಕೆಯನ್ನು ಸೈನಿಕನೊಬ್ಬ ಈಟಿಯಿಂದ ತಿವಿದನೆಂದು ಸಂತ ಯೊವಾನ್ನರು ಬರೆದಿದ್ದಾರೆ (19:34). ಆ ಗಾಯದಿಂದ ಬಾಣದಂತೆ ಮೊನೆಯಾದ ಬೆಳಕಿನ ಕಿರಣವೊಂದು ಹೊರಟು ಬರುವುದನ್ನು ಗೆರ್ಟ್ರೂಡರು ಕಂಡರು. ಯೇಸುವಿನ ಪವಿತ್ರ ಹೃದಯದ ಭಕ್ತಿಗೆ ಅವರು ಬಹು ಹಿಂದೆಯೇ ದಾರಿ ತೋರಿದರು. ಈಟಿ ಎಂಬ ಹೆಸರಿನವರು ಈಟಿ ತಿವಿದ ಹೃದಯದಲ್ಲೇ ನೆಲೆಸಿದರು. ಕೊಲ್ಲುವ ಬಲ ಪ್ರೀತಿಸುವ ಬಲವಾಯಿತು.

ಜ್ಞಾನಸ್ನಾನದ ವೇಳೆ ಗುರುಗಳು ಮೊದಲು ಕೇಳುವುದು ಮಗುವಿನ ಹೆಸರನ್ನೇ. ಕ್ರೈಸ್ತ ಭಾವನೆಗೆ ಹೊರತಾದ ಹೆಸರನ್ನು ಇಡದಂತೆ ಹೆತ್ತವರು, ಜ್ಞಾನ ತಂದೆತಾಯಿಯರು ಹಾಗೂ ಗುರುಗಳು ನೋಡಿಕೊಳ್ಳಬೇಕೆಂದು ಧರ್ಮಸಭೆಯ ಕಾನೂನು (855) ಹೇಳುತ್ತದೆ. ಸಂತರ ಹೆಸರೇ ಬೇಕೆಂಬ ಕಡ್ಡಾಯವಿಲ್ಲ. ಆದರೆ ಕಿವಿಗೆ ಇಂಪಾದರೆ ಸಾಕೇ? ಮಗು ಬೆಳೆದು, "ನನಗೇಕೆ ಈ ಹೆಸರು?" ಎಂದು ಕೇಳಿದಾಗ ಹೇಳಲು ನಮ್ಮಲ್ಲಿ ಒಂದು ಕಥೆಯಿರಲಿ. ನಿಮ್ಮ ಮನೆಯಲ್ಲಿ ಗೆರ್ಟ್ರೂಡ್ ಎಂಬ ಅಜ್ಜಿಯಿದ್ದರೆ, ಈ ನವೆಂಬರ್ 16ರಂದು ಅವರಿಗೆ ಹಬ್ಬದ ಶುಭಾಶಯ ಹೇಳಿ. ಮೊಮ್ಮಕ್ಕಳಿಗೆ ಆ ಹೆಸರಿನ ಕಥೆಯನ್ನೂ ಹೇಳಿ.