ಮಕ್ಕಳ ಪುಟ್ಟ ಓಟದ ಬಂಡಿಗಳು

ಉರುಳುವ ವಸ್ತುವನ್ನು ಕಂಡರೆ ಮಕ್ಕಳಿಗೆ ಎಲ್ಲಿಲ್ಲದ ಹಿಗ್ಗು. ನಡೆಯಲು ಬಾರದ ಕೂಸು ಕೂಡ ಉರುಳುವ ಚೆಂಡಿನ ಬೆನ್ನುಹತ್ತಿ ಅಂಬೆಗಾಲಿಡುತ್ತದೆ. ತುಸು ದೊಡ್ಡದಾದ ಮೇಲೆ ಹಳೆಯ ಸೈಕಲ್ ಟಾಯರನ್ನು ಕೋಲಿನಿಂದ ಹೊಡೆಯುತ್ತ ಓಣಿಯೆಲ್ಲ ಸುತ್ತುತ್ತದೆ. ಇನ್ನೂ ದೊಡ್ಡದಾದರೆ ತನ್ನ ಬಂಡಿಯನ್ನು ತಾನೇ ಮಾಡಿಕೊಳ್ಳಬೇಕೆಂಬ ಹಂಬಲ ಹುಟ್ಟುತ್ತದೆ. ಈ ಹಂಬಲವನ್ನು ಹತ್ತಾರು ಮಕ್ಕಳು ಕೂಡಿ ಆಡುವ ಪಂದ್ಯವನ್ನಾಗಿ ಮಾಡುವುದು ಹೇಗೆ, ಅದರಿಂದ ಆಗುವ ಲಾಭವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಬಂಡಿಯ ಆಟ ಇಂದು ನಿನ್ನೆಯದಲ್ಲ. ಹರಪ್ಪ, ಮೊಹೆಂಜೊದಾರೊಗಳ ಉತ್ಖನನದಲ್ಲಿ ಸುಟ್ಟ ಮಣ್ಣಿನ ಆಟಿಕೆ ಬಂಡಿಗಳು ದೊರೆತಿವೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೂ ಮಕ್ಕಳು ಮಕ್ಕಳೇ ಆಗಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸಂಸ್ಕೃತದಲ್ಲಿ ಶೂದ್ರಕನ ನಾಟಕವೊಂದಕ್ಕೆ 'ಮೃಚ್ಛಕಟಿಕ' ಎಂಬ ಹೆಸರು ಬಂದದ್ದೇ ಒಂದು ಮಣ್ಣಿನ ಬಂಡಿಯಿಂದ. ಬಡವನಾದ ಚಾರುದತ್ತನ ಮಗನು ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡು, ತನಗೆ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನೇ ಆ ಬಂಡಿಗೆ ತುಂಬಿ ಅವನನ್ನು ಸಂತೈಸುತ್ತಾಳೆ. ಆಟದ ಸಾಮಾನಿನಲ್ಲಿಯೂ ಬಡವ ಬಲ್ಲಿದನೆಂಬ ಭೇದ ಮಗುವಿನ ಮನಸ್ಸನ್ನು ಎಷ್ಟು ನೋಯಿಸುತ್ತದೆಂಬುದನ್ನು ಆ ಕವಿ ಬಲ್ಲವನಾಗಿದ್ದನು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ನಮ್ಮ ಹಾವೇರಿ ಜಿಲ್ಲೆಯ ಕಡೆಗೆ ಬರೋಣ. ಓಟವೆಂಬುದು ಇಲ್ಲಿಯ ರೈತರ ರಕ್ತದಲ್ಲಿಯೇ ಇದೆ. ಕಾರ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುತ್ತಾರೆ. ದೀಪಾವಳಿ ಬಂತೆಂದರೆ ಹೋರಿ ಹಬ್ಬ. ಜಾತ್ರೆಗಳಲ್ಲಿ ಖಾಲಿ ಗಾಡಾ ಓಡಿಸುವ ಪಂದ್ಯ. ದೊಡ್ಡವರು ಮಾಡಿದ್ದನ್ನು ಚಿಕ್ಕವರು ಮಾಡದೆ ಬಿಡುವರೆ? ಹಬ್ಬದ ಮರುದಿನವೇ ಓಣಿಯಲ್ಲಿ ಪುಟ್ಟ ಗಾಡಾಗಳ ಓಟ ಆರಂಭವಾಗುತ್ತದೆ. ನನ್ನ ತರಗತಿಯಲ್ಲಿ ನಾಲ್ಕು ತಾಲೂಕುಗಳ ಮಿತ್ರರಿದ್ದಾರೆ. ಚಿಕ್ಕಂದಿನಲ್ಲಿ ನೀವು ಬಂಡಿಯನ್ನು ಯಾವುದರಿಂದ ಮಾಡುತ್ತಿದ್ದಿರೆಂದು ಅವರನ್ನು ಕೇಳಿದೆ. ಹಾನಗಲ್ಲಿನವನು ಬಿದಿರಿನ ಕಡ್ಡಿಯ ಅಚ್ಚನ್ನು ಹೇಳಿದ. ಶಿಗ್ಗಾಂವದವನು ಜೋಳದ ದಂಟಿನ ಬೆಂಡು ಸುಲಿದು, ಸಿಬಿರಿನಿಂದ ಚುಚ್ಚಿ ಕೂಡಿಸಿದ ಚಕ್ಕಡಿಯನ್ನು ಹೇಳಿದ. ಸವಣೂರು ಪೇಟೆಯವನದು ಬೆಂಕಿಪೆಟ್ಟಿಗೆ ಮತ್ತು ಬಾಟಲಿಯ ಮುಚ್ಚಳಗಳ ಗಾಡಿ. ಹಿರೇಕೆರೂರಿನವನದು ಕಾಳು ಬಿಡಿಸಿದ ಗೋವಿನಜೋಳದ ತೆನೆಯ ದಿಂಡಿನದು. ಊರಿನಲ್ಲಿ ಏನು ಬಿದ್ದಿರುತ್ತದೆಯೋ ಅದೇ ಮಕ್ಕಳ ಕಾರಖಾನೆಯ ಸರಕು.

ಹೊರದೇಶಗಳಲ್ಲಿ ಈ ಆಟಕ್ಕೆ ಒಂದು ಕಟ್ಟುಪಾಡು ಬಂದಿದೆ. 1933ರಲ್ಲಿ ಅಮೆರಿಕದ ಡೇಟನ್ ನಗರದಲ್ಲಿ, ಹುಡುಗರು ಮರದ ಪೆಟ್ಟಿಗೆಗಳಿಗೆ ಗಾಲಿ ಜೋಡಿಸಿ ಇಳಿಜಾರಿನಲ್ಲಿ ಪಂದ್ಯ ಕಟ್ಟಿ ಓಡಿಸುವುದನ್ನು ಮೈರನ್ ಸ್ಕಾಟ್ ಎಂಬ ಪತ್ರಿಕಾ ಛಾಯಾಚಿತ್ರಕಾರನು ಕಂಡನು. ಅದರಿಂದ ಹುಟ್ಟಿದ 'ಸೋಪ್ ಬಾಕ್ಸ್ ಡರ್ಬಿ' ಎಂಬ ಪಂದ್ಯವು 1934ರಲ್ಲಿ ರಾಷ್ಟ್ರಮಟ್ಟದ್ದಾಯಿತು. ಮರುವರ್ಷ ಆಕ್ರನ್ ನಗರಕ್ಕೆ ಸ್ಥಳಾಂತರವಾಯಿತು. ಮಕ್ಕಳು ಒಳಗೆ ಕುಳಿತು ಓಡಿಸುವ ಬಂಡಿ ಅದು. ಅದಕ್ಕೆ ವಯಸ್ಸು ಸಾಲದ ತನ್ನ ಮಗನಿಗಾಗಿ ಡಾನ್ ಮರ್ಫಿ ಎಂಬ ತಂದೆಯು 1953ರಲ್ಲಿ ಅಂಗೈಯಗಲದ ಮರದ ಬಂಡಿಗಳ ಪಂದ್ಯವನ್ನು ಆರಂಭಿಸಿದನು. ಅಲ್ಲಿ ಬಂಡಿಯ ತೂಕ 5 ಔನ್ಸ್, ಎಂದರೆ ಸುಮಾರು 142 ಗ್ರಾಂ ಮೀರಕೂಡದೆಂಬ ನಿಯಮ ರೂಢಿಯಲ್ಲಿದೆ.

ಆ ಪಂದ್ಯಗಳ ಚರಿತ್ರೆಯಲ್ಲಿ ನಾವು ಗಮನಿಸಬೇಕಾದ ಸಂಗತಿಗಳು ಎರಡು. ಸೋಪ್ ಬಾಕ್ಸ್ ಪಂದ್ಯದಲ್ಲಿ 1971ರವರೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಪ್ರವೇಶ ದೊರೆತ ನಾಲ್ಕೇ ವರ್ಷಗಳಲ್ಲಿ, 1975ರಲ್ಲಿ, ಹನ್ನೊಂದು ವರ್ಷದ ಬಾಲಕಿಯೊಬ್ಬಳು ಮೊದಲಿಗಳಾದಳು. ಎರಡನೆಯದು, 1973ರಲ್ಲಿ ಗೆದ್ದ ಬಂಡಿಯ ಮೂತಿಯೊಳಗೆ ವಿದ್ಯುತ್ ಅಯಸ್ಕಾಂತವನ್ನು ಅಡಗಿಸಿಟ್ಟದ್ದು ಬಯಲಾಗಿ, ಆ ಬಹುಮಾನವನ್ನು ಹಿಂದಕ್ಕೆ ಪಡೆಯಲಾಯಿತು. ಅದರ ಹಿಂದೆ ಹಿರಿಯರ ಕೈವಾಡವಿತ್ತು. ದೊಡ್ಡವರ ಹಣ ಮತ್ತು ಹಟ ನುಗ್ಗಿದಲ್ಲಿ ಮಕ್ಕಳ ಆಟ ಮಕ್ಕಳದಾಗಿ ಉಳಿಯುವುದಿಲ್ಲ.

ಬಂಡಿಯನ್ನು ಮಾಡುವ ಬಗೆಯನ್ನು ಈಗ ನೋಡೋಣ. ಕಳೆದ ವರ್ಷ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವು ಹಾನಗಲ್ ತಾಲೂಕಿನ ಒಂದು ಹಳ್ಳಿಯಲ್ಲಿ ಏಳು ದಿನ ನಡೆದಾಗ, ಸಂಜೆಯ ಹೊತ್ತು ಊರ ಮಕ್ಕಳಿಗಾಗಿ ನಾವು ಅನುಸರಿಸಿದ ಕ್ರಮವಿದು. ಹರಿದ ಹವಾಯಿ ಚಪ್ಪಲಿ, ದಪ್ಪ ರಟ್ಟು, ಸೈಕಲ್ಲಿನ ಹಳೆಯ ಕಡ್ಡಿ, ಎಳನೀರು ಕುಡಿಯುವ ಕೊಳವೆ, ದಾರ, ಅಂಟು: ಬೇಕಾಗುವ ಸಾಮಗ್ರಿ ಇಷ್ಟೇ. ಮೊದಲು ಡಬ್ಬಿಯ ಮುಚ್ಚಳವನ್ನು ಚಪ್ಪಲಿಯ ಮೇಲಿಟ್ಟು ಗೆರೆ ಎಳೆದು ನಾಲ್ಕು ಗಾಲಿ ಕತ್ತರಿಸಬೇಕು. ಕತ್ತರಿಸುವ ಕೆಲಸ ಮಾತ್ರ ಹಿರಿಯರದು. ಗಾಲಿಯ ನಡುವನ್ನು ಕಂಡುಹಿಡಿಯಲು ಅದೇ ಅಳತೆಯ ಕಾಗದದ ವೃತ್ತವನ್ನು ಎರಡು ಸಲ ಮಡಿಸಿದರೆ ಸಾಕು. ಮಡಿಕೆಗಳು ಕೂಡುವಲ್ಲಿ ನಡುಬಿಂದು. ಆರು ಅಂಗುಲ ಉದ್ದ, ಮೂರು ಅಂಗುಲ ಅಗಲದ ರಟ್ಟಿನ ಅಡಿಗೆ ಎರಡು ಕೊಳವೆಯ ತುಂಡುಗಳನ್ನು ಒಂದಕ್ಕೊಂದು ಸಮಾಂತರವಾಗಿ ಅಂಟಿಸಿ, ಅವುಗಳೊಳಗೆ ಕಡ್ಡಿಯ ಅಚ್ಚನ್ನು ತೂರಿಸಿ, ಎರಡೂ ತುದಿಗೆ ಗಾಲಿಗಳನ್ನು ಬಿಗಿಯಾಗಿ ಚುಚ್ಚಬೇಕು. ನಮ್ಮ ಎತ್ತಿನ ಬಂಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ತಿರುಗುತ್ತದೆ, ಕಡಾಣಿ ಗಾಲಿಯನ್ನು ಹಿಡಿದಿರುತ್ತದೆ. ಈ ಪುಟ್ಟ ಬಂಡಿಯಲ್ಲಾದರೋ ರೈಲಿನಂತೆ ಗಾಲಿಯೂ ಅಚ್ಚೂ ಕೂಡಿಯೇ ತಿರುಗುತ್ತವೆ.

ಓಟದ ಹಾದಿಗೆ 180 ಸೆಂಟಿಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು 45 ಸೆಂಟಿಮೀಟರ್ ಎತ್ತರಕ್ಕೆ ಏರಿಸಿದರಾಯಿತು. ಘರ್ಷಣೆಯೇ ಇಲ್ಲವೆಂದೂ ಗಾಲಿಗಳಿಗೆ ತೂಕವೇ ಇಲ್ಲವೆಂದೂ ಭಾವಿಸಿದರೆ, ಆ ಎತ್ತರದಿಂದ ಇಳಿದ ಬಂಡಿಯ ವೇಗ ಸೆಕೆಂಡಿಗೆ ಸುಮಾರು 3 ಮೀಟರ್ ಆಗುತ್ತದೆ. ಬಂಡಿ ಭಾರವಿರಲಿ, ಹಗುರವಿರಲಿ, ಈ ಲೆಕ್ಕ ಬದಲಾಗದು. ಹಾಗಾದರೆ ಒಂದು ಗೆಲ್ಲುವುದು, ಇನ್ನೊಂದು ಸೋಲುವುದು ಏಕೆ? ಅಚ್ಚು ಕೊಳವೆಗೆ ಉಜ್ಜಿದರೆ ವೇಗ ತಗ್ಗುತ್ತದೆ. ಅಲ್ಲಿ ಒಂದು ಹನಿ ಎಣ್ಣೆ ಬೇಕು. ಗಾಲಿಗಳೇ ಬಹಳ ಭಾರವಾದರೆ ಅವನ್ನು ತಿರುಗಿಸುವುದರಲ್ಲಿಯೇ ಶಕ್ತಿಯ ಒಂದು ಪಾಲು ವೆಚ್ಚವಾಗುತ್ತದೆ. ಆದ್ದರಿಂದ ಗಾಲಿ ಹಗುರವಾಗಿದ್ದು, ಭಾರವು ರಟ್ಟಿನ ಮೇಲಿರುವುದು ಲೇಸು. ಆ ಭಾರವನ್ನು ತುಸು ಹಿಂದಕ್ಕೆ ಇಟ್ಟರೆ ಅದು ಇಳಿಜಾರಿನಲ್ಲಿ ಹೆಚ್ಚು ಎತ್ತರದಿಂದ ಇಳಿದಂತಾಗುತ್ತದೆ. ತೀರ ಹಿಂದಕ್ಕಿಟ್ಟರೆ ಮುಂದಿನ ಗಾಲಿಗಳು ಮೇಲೇಳುತ್ತವೆ. ಅಚ್ಚುಗಳು ಸಮಾಂತರವಾಗಿರದಿದ್ದರೆ ಬಂಡಿಯು ಪಕ್ಕಕ್ಕೆ ತಿರುಗುತ್ತದೆ.

ಸಾಮೂಹಿಕ ಆಟಕ್ಕೆ ನಿಯಮಗಳೇ ಜೀವಾಳ. ನಮ್ಮಲ್ಲಿ 24 ಮಕ್ಕಳಿದ್ದರು. ಚೀಟಿ ಎತ್ತಿಸಿ ನಾಲ್ಕು ನಾಲ್ಕು ಮಂದಿಯ ಆರು ಗುಂಪು ಮಾಡಿದೆವು. ಒಂದು ಗುಂಪಿಗೆ ಒಂದೇ ಬಂಡಿ. ತೂಕ 150 ಗ್ರಾಂ ಮೀರಬಾರದು. ಅದನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎಲ್ಲರೆದುರು ತೂಗಬೇಕು. ಪ್ರತಿಯೊಂದು ಗುಂಪು ಉಳಿದ ಐದರೊಡನೆಯೂ ಓಡಬೇಕು. ಹೀಗೆ ಒಟ್ಟು 15 ಪಂದ್ಯಗಳು. ಹಲಗೆಯ ಎರಡು ಬದಿಗಳು ಒಂದೇ ತೆರನಾಗಿರುವುದಿಲ್ಲವಾದ್ದರಿಂದ ಪ್ರತಿ ಜೋಡಿಯೂ ಬದಿ ಬದಲಿಸಿ ಎರಡು ಸಲ ಓಡಬೇಕು. ಬಂಡಿಯನ್ನು ಕೈಯಿಂದ ದಬ್ಬಕೂಡದು. ಎರಡೂ ಬಂಡಿಗಳ ಮುಂದೆ ಅಡ್ಡ ಹಿಡಿದ ಕೋಲನ್ನು ಒಮ್ಮೆಲೇ ಎತ್ತಬೇಕು. ಮುಖ್ಯ ನಿಯಮವೆಂದರೆ, ಅಂಗಡಿಯಿಂದ ಕೊಂಡ ಯಾವ ಭಾಗವನ್ನೂ ಬಂಡಿಗೆ ಹಚ್ಚುವಂತಿಲ್ಲ.

ಈ ಕೊನೆಯ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಮೊದಲ ದಿನ ಒಬ್ಬ ಹುಡುಗ ಜಾತ್ರೆಯಲ್ಲಿ ಕೊಂಡ ಬ್ಯಾಟರಿಯ ಕಾರನ್ನು ತಂದಿದ್ದ. ಅದನ್ನು ಕಂಡೊಡನೆ ಉಳಿದವರು ತಾವು ತಂದ ಚಪ್ಪಲಿ ರಟ್ಟುಗಳನ್ನು ಬೆನ್ನ ಹಿಂದೆ ಮರೆಮಾಡಿದರು. ಚಾರುದತ್ತನ ಮಗನ ಅಳು ನನಗೆ ಅಂದು ಅರ್ಥವಾಯಿತು. ನಿಯಮವಾದ ಮೇಲೆ ಆ ಹುಡುಗನೂ ಎಲ್ಲರೊಡನೆ ಕುಳಿತು ಗಾಲಿಗೆ ತೂತು ಕೊರೆದ. ಅವನ ಮುಖದಲ್ಲಿಯೂ ಬೇಸರವಿರಲಿಲ್ಲ. ತಮ್ಮನನ್ನು ಸೊಂಟದ ಮೇಲೆ ಕೂಡಿಸಿಕೊಂಡು ದೂರದಲ್ಲಿ ನಿಂತಿದ್ದ ಬಾಲಕಿಯೊಬ್ಬಳು, "ಸರ್, ಹುಡುಗ್ಯಾರೂ ಮಾಡಬಹುದೇನ್ರಿ?" ಎಂದು ಕೇಳಿದಳು. ಅವಳ ಹೆಸರೂ ಚೀಟಿಗೆ ಬಂತು. ಅವಳ ಗುಂಪಿನ ಬಂಡಿ ಹಲಗೆಯಿಂದ ಪದೇ ಪದೇ ಎಡಕ್ಕೆ ಬೀಳುತ್ತಿತ್ತು. ಹುಡುಗರು ಗಾಲಿಯನ್ನು ಬೈದರು. ಅವಳು ಕಸಬರಿಗೆಯ ಕಡ್ಡಿಯೊಂದನ್ನು ಮುರಿದು ಎರಡು ಅಚ್ಚುಗಳ ನಡುವಿನ ಅಂತರವನ್ನು ಎರಡೂ ಬದಿಗೆ ಅಳೆದು, ಎಡಬದಿಯಲ್ಲಿ ಒಂದು ಜೋಳದ ಕಾಳಿನಷ್ಟು ಕಡಿಮೆಯಿದೆಯೆಂದು ತೋರಿಸಿದಳು. ಅದನ್ನು ತಿದ್ದಿದ ಮೇಲೆ ಬಂಡಿ ನೆಟ್ಟಗೆ ಓಡಿತು. ಅವರ ಗುಂಪಿಗೆ ಬಂದದ್ದು ಎರಡನೆಯ ಸ್ಥಾನ. ಏಳನೆಯ ತರಗತಿ ಮುಗಿದ ಮೇಲೆ ಅವಳನ್ನು ಪಕ್ಕದೂರಿನ ಹೈಸ್ಕೂಲಿಗೆ ಕಳಿಸುವುದೋ ಬೇಡವೋ ಎಂಬ ಮಾತು ಆಗ ಅವಳ ಮನೆಯಲ್ಲಿ ನಡೆದಿತ್ತಂತೆ. ಬಂಡಿಯಿಂದ ಆ ಮಾತು ತೀರ್ಮಾನವಾಯಿತೆಂದು ನಾನು ಹೇಳಲಾರೆ. ಆದರೆ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಅವಳ ತಂದೆ, "ನಮ್ಮ ಹುಡುಗಿಗೆ ಲೆಕ್ಕ ಬರ್ತೈತಿ" ಎಂದು ಪಕ್ಕದವರಿಗೆ ಹೇಳಿದ್ದನ್ನು ಕೇಳಿದ್ದೇನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಂದೆಯವರಿಗೆ ಅಕ್ಷರ ಬಾರದು. ಆದರೆ ಬಂಡಿಯ ಸಪ್ಪಳವನ್ನು ಕೇಳಿಯೇ ಯಾವ ಗಾಲಿಗೆ ಕೀಲೆಣ್ಣೆ ಬೇಕೆಂದು ಹೇಳಬಲ್ಲರು. ಘರ್ಷಣೆಯ ಪಾಠವನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದಾಗ, ಅದು ಅವರ ಕೀಲೆಣ್ಣೆಯ ಮಾತೇ ಎಂದು ಯಾರೂ ತಿಳಿಸಲಿಲ್ಲ. ಹಳ್ಳಿಯ ಮಗು ತನ್ನ ಮನೆಯವರಿಗೆ ಏನೂ ತಿಳಿಯದೆಂಬ ಭಾವನೆಯಿಂದಲೇ ಶಾಲೆಗೆ ಬರುತ್ತದೆ. ಕೈಯಿಂದ ಬಂಡಿ ಮಾಡುವ ಆಟವು ಈ ಭಾವನೆಯನ್ನು ಅಳಿಸುತ್ತದೆ. ಏಕೆಂದರೆ ಬಂಡಿ ಓಡದಿದ್ದಾಗ ಮಗು ಓಡಿಹೋಗಿ ಕೇಳುವುದು ಅಪ್ಪನನ್ನು, ಅಜ್ಜನನ್ನು, ಊರ ಬಡಿಗನನ್ನು.

ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವಿದೆ. ಹಾಡು ಕುಣಿತಗಳಂತೆ ಮಕ್ಕಳ ಈ ಕೈಗೆಲಸವೂ ಜನಪದರ ಆಸ್ತಿಯೇ. ಆದರೆ ಅದು ಗ್ರಂಥದಲ್ಲಿ ಉಳಿದರೆ ಸಾಲದು, ಓಣಿಯಲ್ಲಿ ಉರುಳಬೇಕು. ಈ ವರ್ಷ ಪದವಿ ಮುಗಿಸಿ ನಮ್ಮ ನಮ್ಮ ಊರುಗಳಿಗೆ ಮರಳುವ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ: ಕೆಲಸ ದೊರೆಯುವವರೆಗೆ ಸಂಜೆಯ ಒಂದು ತಾಸನ್ನು ಊರ ಮಕ್ಕಳಿಗೆ ಕೊಡಿರಿ. ಒಂದು ಹಲಗೆ, ನಾಲ್ಕಾರು ಹರಿದ ಚಪ್ಪಲಿ, ಒಂದು ತಕ್ಕಡಿ ಇದ್ದರೆ ಸಾಕು. ಚೀಟಿ ಎತ್ತಿಸುವಾಗ ಹೆಣ್ಣುಮಕ್ಕಳ ಹೆಸರನ್ನು ಬರೆಯಲು ಮರೆಯಬೇಡಿರಿ.