ಅಜ್ಜ ಅಜ್ಜಿಯ ಸಾವು, ಮೊಮ್ಮಕ್ಕಳ ದುಃಖ: ಐದು ತಪ್ಪು ಕಲ್ಪನೆಗಳು

ಇಪ್ಪತ್ತು ದಾಟಿದ ಬಹಳ ಮಂದಿಗೆ ಮನೆಯೊಳಗೆ ಎದುರಾಗುವ ಮೊದಲ ಸಾವು ಅಜ್ಜನದು, ಇಲ್ಲವೇ ಅಜ್ಜಿಯದು. ಬಂದವರು ಸಮಾಧಾನ ಹೇಳುವುದು ಮಕ್ಕಳಿಗೆ, ಸೊಸೆಯಂದಿರಿಗೆ. ಮೊಮ್ಮಕ್ಕಳು ಕುರ್ಚಿ ಹಾಕುತ್ತ, ನೆಂಟರಿಗೆ ಫೋನ್ ಮಾಡುತ್ತ ಓಡಾಡುತ್ತಿರುತ್ತಾರೆ. ಅವರ ದುಃಖದ ಬಗ್ಗೆ ನಮ್ಮಲ್ಲಿರುವ ಕೆಲವು ನಂಬಿಕೆಗಳನ್ನು ತಿದ್ದಿಕೊಳ್ಳಬೇಕಿದೆ.

ತಪ್ಪು ಕಲ್ಪನೆ 1: ತುಂಬು ಜೀವನ ಬಾಳಿ ಹೋದರು, ಅಷ್ಟೊಂದು ಅಳುವುದೇನಿದೆ?

ವಾಸ್ತವ: ಹೋದವರು ಪುಣ್ಯವಂತರು ಎಂಬ ಮಾತು ನಿಜವಿರಬಹುದು. ಆದರೆ ಉಳಿದವರ ದುಃಖ ಹೋದವರ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುವುದಿಲ್ಲ, ಅದು ಒಡನಾಟಕ್ಕೆ ತಕ್ಕಂತೆ ಇರುತ್ತದೆ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮನೆಗಳಲ್ಲಿ ಊಟ ಮಾಡಿಸಿ, ಶಾಲೆಗೆ ಕಳಿಸಿ, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡವರು ಅಜ್ಜಿಯೇ. ಹಾಗೆ ಬೆಳೆದವರಿಗೆ ಈ ಸಾವು ಹೆತ್ತವರ ಸಾವಿನಷ್ಟೇ ದೊಡ್ಡದಾಗಬಹುದು. ಸುತ್ತಲಿನವರ ಮನ್ನಣೆ ಸಿಗದ ಇಂಥ ದುಃಖವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅಳುವುದಕ್ಕೆ ತನಗೆ ಹಕ್ಕಿಲ್ಲ ಎಂದುಕೊಂಡವರು ಒಳಗೇ ನವೆಯುತ್ತಾರೆ. ಗೆಳೆಯನ ಅಜ್ಜಿ ತೀರಿಕೊಂಡರೆ ವಯಸ್ಸೆಷ್ಟಾಗಿತ್ತು ಎಂದು ಕೇಳುವ ಬದಲು, ನಿನಗೆ ಅವರು ಎಷ್ಟು ಹತ್ತಿರವಾಗಿದ್ದರು ಎಂದು ಕೇಳಿ.

ತಪ್ಪು ಕಲ್ಪನೆ 2: ಅಮ್ಮನ ಮುಂದೆ ಅಳಬಾರದು, ಅವಳಿಗೆ ಇನ್ನಷ್ಟು ನೋವಾಗುತ್ತದೆ.

ವಾಸ್ತವ: ಅಮ್ಮ ತನ್ನ ತಾಯಿಯನ್ನು ಕಳೆದುಕೊಂಡಿದ್ದಾಳೆ, ನೀವು ನಿಮ್ಮ ಅಜ್ಜಿಯನ್ನು. ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಣ್ಣೀರು ಬಚ್ಚಿಟ್ಟುಕೊಂಡರೆ ಇಬ್ಬರೂ ಒಂಟಿಯಾಗುತ್ತಾರೆ. ಜೊತೆಗೆ ಕೂತು ಅಜ್ಜಿಯ ಬಗ್ಗೆ ಮಾತಾಡುವುದೇ ಅಮ್ಮನಿಗೂ ಆಸರೆ.

ತಪ್ಪು ಕಲ್ಪನೆ 3: ದುಃಖ ಐದು ಹಂತಗಳಲ್ಲಿ ಸಾಗಿ ಮುಗಿಯುತ್ತದೆ.

ವಾಸ್ತವ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನು ವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಬರೆದದ್ದು ಸಾವಿನಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಅದು ತಮ್ಮ ಸಾವನ್ನು ಎದುರಿಸುತ್ತಿದ್ದವರ ಅನುಭವ. ಆಪ್ತರನ್ನು ಕಳೆದುಕೊಂಡವರ ಮನಸ್ಸು ನೋವಿಗೂ ದಿನನಿತ್ಯದ ಬದುಕಿಗೂ ನಡುವೆ ಹೋಗಿ ಬಂದು ಮಾಡುತ್ತಿರುತ್ತದೆ ಎಂದು 1999ರಲ್ಲಿ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಸ್ಕುಟ್ ವಿವರಿಸಿದರು. ಬೆಳಿಗ್ಗೆ ಅತ್ತು ಸಂಜೆ ಗೆಳೆಯರೊಡನೆ ನಕ್ಕರೆ ಅದು ಅಜ್ಜನಿಗೆ ಬಗೆದ ದ್ರೋಹವಲ್ಲ. ಆ ಬಿಡುವಿನಿಂದಲೇ ಮನಸ್ಸು ತಡೆದುಕೊಳ್ಳುತ್ತದೆ.

ತಪ್ಪು ಕಲ್ಪನೆ 4: ಕೊನೆಗಳಿಗೆಯಲ್ಲಿ ಬಾಯಿಗೆ ನೀರು ಬಿಡಲಾಗಲಿಲ್ಲ, ಈ ಪಾಪಕ್ಕೆ ಪರಿಹಾರವಿಲ್ಲ.

ವಾಸ್ತವ: ಬೆಂಗಳೂರಿನಲ್ಲೋ ವಿದೇಶದಲ್ಲೋ ಕೆಲಸದಲ್ಲಿರುವವರನ್ನು ಈ ಕೊರಗು ಬಹಳ ಕಾಡುತ್ತದೆ. 2020, 2021ರ ಕೋವಿಡ್ ದಿನಗಳಲ್ಲಿ ಎಷ್ಟೋ ಮೊಮ್ಮಕ್ಕಳು ಮಣ್ಣಿಗೂ ಹೋಗಲಾಗದೆ ಫೋನಿನಲ್ಲೇ ಮುಖ ನೋಡಿದರು. ಸಾವು ಹೇಳಿ ಕೇಳಿ ಬರುವುದಿಲ್ಲ. ರಾತ್ರಿಯಿಡೀ ಹಾಸಿಗೆಯ ಪಕ್ಕ ಕೂತವರು ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಉಸಿರು ನಿಂತಿರುವುದೂ ಉಂಟು. ಅಜ್ಜನ ಜೊತೆ ಬಾಳಿದ ವರ್ಷಗಳನ್ನು ಆ ಒಂದು ಗಳಿಗೆ ಅಳಿಸಲಾರದು. ಹೇಳದೆ ಉಳಿದ ಮಾತಿದ್ದರೆ ಕಾಗದದಲ್ಲಿ ಬರೆಯಿರಿ, ಊರಿಗೆ ಹೋದಾಗ ಅವರು ಕೂರುತ್ತಿದ್ದ ಜಾಗದಲ್ಲಿ ಕೂತು ಹೇಳಿ.

ತಪ್ಪು ಕಲ್ಪನೆ 5: ತಿಥಿ ಆಯಿತಲ್ಲ, ಇನ್ನು ಮರೆತುಬಿಡಬೇಕು.

ವಾಸ್ತವ: ಮರೆಯಿರಿ ಎಂದು ನಮ್ಮ ಸಂಪ್ರದಾಯಗಳೇ ಹೇಳುವುದಿಲ್ಲ. ವೈಕುಂಠ ಸಮಾರಾಧನೆಯ ನಂತರ ಮಾಸಿಕ, ವರ್ಷಾಬ್ದಿಕ, ಪ್ರತಿವರ್ಷ ಮಹಾಲಯ ಅಮಾವಾಸ್ಯೆಯ ಎಡೆ ಇವೆ. ಕ್ಯಾಥೊಲಿಕರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ನಂಟು ಕಡಿದುಕೊಂಡರೇ ಚೇತರಿಕೆ ಎಂಬ ನಂಬಿಕೆಯನ್ನು ಪಾಶ್ಚಾತ್ಯ ಮನಶ್ಶಾಸ್ತ್ರದಲ್ಲೂ 1990ರ ದಶಕದಿಂದ ಹಲವರು ಬಲವಾಗಿ ಪ್ರಶ್ನಿಸಿದ್ದಾರೆ. ಎಡೆಗೆ ಅಜ್ಜಿಗೆ ಇಷ್ಟವಾದ ಅಡುಗೆಯನ್ನು ನೀವೇ ಕಲಿತು ಮಾಡಿ.

ಹಾಗೆಂದು ಎಲ್ಲವನ್ನೂ ಕಾಲಕ್ಕೇ ಬಿಡಬೇಕಿಲ್ಲ. ಆರು ತಿಂಗಳು ಕಳೆದರೂ ದುಃಖದ ತೀವ್ರತೆ ತಗ್ಗದೆ, ಓದು, ಕೆಲಸ, ಊಟ, ನಿದ್ರೆ ನಡೆಯದಂತಾದರೆ ವೈದ್ಯರನ್ನು ಕಾಣಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಇಂಥ ದೀರ್ಘಕಾಲದ ಶೋಕವನ್ನು ಗುರುತಿಸಲಾಗಿದೆ. ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಜ್ಜಿ ಸತ್ತದ್ದಕ್ಕೆ ಇಷ್ಟೊಂದು ಸಂಕಟವೇ ಎಂದು ಅಲ್ಲಿ ಯಾರಾದರೂ ನಗುತ್ತಾರೆಂಬ ಸಂಕೋಚ ಬೇಡ. ಪ್ರೀತಿಸಿ ಬೆಳೆಸಿದವರನ್ನು ಕಳೆದುಕೊಂಡ ಯಾರಿಗೂ ದುಃಖಿಸಲು ಇನ್ನೊಬ್ಬರ ಅಪ್ಪಣೆ ಬೇಕಿಲ್ಲ.