ಹೊಸ ಮಳೆಯ ವಾಸನೆ ಮತ್ತು ಕ್ಷಯದ ಔಷಧ

ಜೂನ್ ತಿಂಗಳಲ್ಲಿ ಮುಂಬಯಿಗೆ ಮೊದಲ ಮಳೆ ಬಿದ್ದೊಡನೆ ಏಳುವ ಮಣ್ಣಿನ ವಾಸನೆಗೆ ಊರನ್ನು ನೆನೆಯದವರು ನಮ್ಮಲ್ಲಿ ಯಾರಿದ್ದಾರೆ? ಆ ವಾಸನೆ ಬರಿಯ ಮಣ್ಣಿನದಲ್ಲ. ಅದು ಮುಖ್ಯವಾಗಿ ಮಣ್ಣಿನೊಳಗೆ ವಾಸಿಸುವ, ಕಣ್ಣಿಗೆ ಕಾಣದ ಒಂದು ಜೀವಿಯದು. ಕ್ಷಯರೋಗಕ್ಕೆ ಔಷಧ ದೊರೆತದ್ದೂ ಅದೇ ಬಳಗದಿಂದ. ಆ ಸಂಗತಿಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಈ ಜೀವಿಯ ಹೆಸರು ಸ್ಟ್ರೆಪ್ಟೊಮೈಸಿಸ್. ಬೂಷ್ಟಿನಂತೆ ಎಳೆಎಳೆಯಾಗಿ ಬೆಳೆದರೂ ಜಾತಿಯಲ್ಲಿ ಇದು ಬ್ಯಾಕ್ಟೀರಿಯಾ. ಇದು ತಯಾರಿಸುವ ವಾಸನೆಯ ದ್ರವ್ಯವನ್ನು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು ೧೯೬೫ರಲ್ಲಿ ಬೇರ್ಪಡಿಸಿ ಜಿಯೋಸ್ಮಿನ್ ಎಂದು ಹೆಸರಿಟ್ಟರು. ಜೀವಿಗೆ ಈ ವಾಸನೆಯಿಂದ ಏನು ಲಾಭ? ೨೦೨೦ರಲ್ಲಿ ಇಂಗ್ಲೆಂಡ್ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ಉತ್ತರ ಕಂಡರು. ಮಣ್ಣಿನಲ್ಲಿ ಚಿಮ್ಮುತ್ತ ತಿರುಗುವ ಪುಟ್ಟ ಹುಳುಗಳು ವಾಸನೆ ಹಿಡಿದು ಬಂದು ಇದನ್ನು ತಿನ್ನುತ್ತವೆ. ಮೈಗೆ ಅಂಟಿದ ಬೀಜಕಣಗಳನ್ನು ಬೇರೆಡೆಗೆ ಸಾಗಿಸುತ್ತವೆ. ಹೂವು ಜೇನ್ನೊಣವನ್ನು ಕರೆದ ಹಾಗೆ!

ಮಣ್ಣಿನಲ್ಲಿಯೂ ಅನ್ನಕ್ಕಾಗಿ ಪೈಪೋಟಿ ಉಂಟು. ನೆರೆಯ ಜೀವಿಗಳನ್ನು ತಡೆಯಬಲ್ಲ ದ್ರವ್ಯಗಳನ್ನೂ ಇವು ತಯಾರಿಸುತ್ತವೆ. ಅದೇ ರಟ್ಗರ್ಸಿನಲ್ಲಿ ೧೯೪೩ರಲ್ಲಿ ಸೆಲ್ಮನ್ ವಾಕ್ಸ್‌ಮನ್ನರ ಶಿಷ್ಯ ಆಲ್ಬರ್ಟ್ ಶಾಟ್ಸ್ ಅಂಥದೊಂದನ್ನು ಶೋಧಿಸಿದರು. ಅದೇ ಸ್ಟ್ರೆಪ್ಟೊಮೈಸಿನ್. ಅಲ್ಲಿಯವರೆಗೆ ಕ್ಷಯರೋಗಿಗೆ ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಇವೇ ಮುಖ್ಯ ಗತಿಯಾಗಿದ್ದವು. ಮಗ್ಗದಲ್ಲಿ ಎಳೆ ತಪ್ಪಿದರೆ ಬಟ್ಟೆ ಕೆಡುವಂತೆ, ಈ ಔಷಧ ರೋಗಾಣುವಿನೊಳಗೆ ಪ್ರೋಟೀನಿನ ನೇಯ್ಗೆಯನ್ನು ತಪ್ಪಿಸಿ ಅದನ್ನು ಕೊಲ್ಲುತ್ತದೆ.

ಇದು ಪರದೇಶದ ಮಾತು ಮಾತ್ರವಲ್ಲ. ಪುಣೆಯ ಹತ್ತಿರದ ಪಿಂಪ್ರಿಯಲ್ಲಿ ೧೯೫೪ರಲ್ಲಿ ಹಿಂದುಸ್ಥಾನ್ ಆಂಟಿಬಯೋಟಿಕ್ಸ್ ಎಂಬ ಸರಕಾರಿ ಕಾರಖಾನೆ ಸ್ಥಾಪನೆಯಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿಸಿದ್ದ ಎಂ. ಜೆ. ತಿರುಮಲಾಚಾರ್ ಅವರೂ ಸಂಗಡಿಗರೂ ಅಲ್ಲಿ ಪಿಂಪ್ರಿಯ ಮಣ್ಣಿನ ಸ್ಟ್ರೆಪ್ಟೊಮೈಸಿಸಿನಿಂದಲೇ ೧೯೬೧ರಲ್ಲಿ ಹ್ಯಾಮೈಸಿನ್ ಎಂಬ ಹೊಸ ಔಷಧವನ್ನು ಪಡೆದರು. ಅದು ಕ್ಷಯಕ್ಕಲ್ಲ, ಬೂಷ್ಟಿನಿಂದ ಬರುವ ರೋಗಗಳಿಗೆ. ಕಾಲ ಕೆಳಗಿನ ಮಣ್ಣಿನಲ್ಲಿಯೇ ಮದ್ದು ಇದ್ದಿತು!

ಆದರೆ ಮದ್ದು ಸಿಕ್ಕಿದ ಮಾತ್ರಕ್ಕೆ ರೋಗ ಗೆದ್ದಂತಲ್ಲ. ೧೯೪೮ರಲ್ಲಿ ಬ್ರಿಟನ್ನಿನವರು ೫೫ ರೋಗಿಗಳಿಗೆ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು, ೫೨ ಮಂದಿಗೆ ಬರಿಯ ವಿಶ್ರಾಂತಿ ಕೊಟ್ಟು ಮಾಡಿದ ಪರೀಕ್ಷೆಯನ್ನು ಪ್ರಕಟಿಸಿದರು. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ಸತ್ತವರು ೪, ಎರಡನೆಯದರಲ್ಲಿ ೧೪. ಆದರೆ ಐದು ವರ್ಷಗಳ ಮೇಲೆ ಎರಡು ಗುಂಪಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಕಾರಣವೇನು? ಕೋಟಿಗಟ್ಟಲೆ ರೋಗಾಣುಗಳಲ್ಲಿ ಔಷಧಕ್ಕೆ ಬಗ್ಗದವು ಕೆಲವು ಇದ್ದೇ ಇರುತ್ತವೆ. ಉಳಿದವು ಸತ್ತ ಮೇಲೆ ಅವೇ ಬೆಳೆದು ಮನೆಯೊಡೆಯರಾಗುತ್ತವೆ. ಆದ್ದರಿಂದಲೇ ಈಗ ಹಲವು ಔಷಧಗಳನ್ನು ಕೂಡಿಸಿ, ಸಾಧಾರಣ ಕ್ಷಯಕ್ಕೆ ಆರು ತಿಂಗಳು ಬಿಡದೆ ಕೊಡುತ್ತಾರೆ. ಅವುಗಳಲ್ಲಿ ಮುಖ್ಯವಾದ ರಿಫಾಂಪಿಸಿನ್ನಿನ ಮೂಲವೂ ಮಣ್ಣಿನ ಬ್ಯಾಕ್ಟೀರಿಯಾವೇ. ೧೯೫೭ರಲ್ಲಿ ಫ್ರಾನ್ಸಿನ ಕಡಲತೀರದ ಮಣ್ಣಿನಲ್ಲಿ ಇಟಲಿಯ ಸಂಶೋಧಕರಿಗೆ ಅದು ಸಿಕ್ಕಿತು.

ನಮಗೆ ಪರಿಚಿತರಾದ ಒಬ್ಬರಿದ್ದಾರೆ. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಹಸಿವು ಹತ್ತಿತು. ಗುಣವಾಯಿತೆಂದು ಗುಳಿಗೆ ಬಿಟ್ಟು ಊರ ಜಾತ್ರೆಗೆ ಹೋದರು. ಮರುವರ್ಷ ರೋಗ ತಿರುಗಿ ಬಂದಾಗ ಹಳೆಯ ಔಷಧ ನಾಟಲಿಲ್ಲ. ಚಿಕಿತ್ಸೆ ಎರಡು ವರ್ಷ ಹಿಡಿಯಿತು. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಅವರ ತಮ್ಮನಿಗೂ ರೋಗ ತಗುಲಿತು. ಹತ್ತು ಜನ ಒಂದೇ ಖೋಲಿಯಲ್ಲಿ ಬಾಳುವ ನಮಗೆ ಇದು ಒಬ್ಬರ ಕಥೆಯಲ್ಲ.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ನಾಚದೆ ಮುನಸಿಪಾಲಿಟಿಯ ದವಾಖಾನೆಗೆ ಹೋಗಿ ಕಫ ತೋರಿಸಿರಿ; ಅಲ್ಲಿ ಪರೀಕ್ಷೆಗೂ ಔಷಧಕ್ಕೂ ದುಡ್ಡಿಲ್ಲ. ಊರಿಗೆ ಹೋಗುವುದಿದ್ದರೆ ಮೊದಲೇ ತಿಳಿಸಿರಿ. ಅಲ್ಲಿಯ ಆಸ್ಪತ್ರೆಯಲ್ಲೇ ಔಷಧ ಮುಂದುವರಿಸುವ ಏರ್ಪಾಡು ಉಂಟು. ಕೆಮ್ಮು ನಿಂತ ದಿನವಲ್ಲ, ವೈದ್ಯರು ಸಾಕೆಂದ ದಿನ ಗುಳಿಗೆ ನಿಲ್ಲಿಸತಕ್ಕದ್ದು.